ಮೂರು ದಸ್ತಿಯ ಜಾಗ

ಹೋದ ವಾರ ನಮ್ಮ ಮನೆಯಲ್ಲಿ ಒಂದು ದಸ್ತಿಯ ಸಲುವಾಗಿ ಜಗಳವಾಯಿತು. ದಸ್ತಿ ಎಂದರೆ ಕರವಸ್ತ್ರ. ಆದರೆ ನಮ್ಮ ಬೆಳಗಾವಿ ಸೀಮೆಯಲ್ಲಿ ಯಾರಾದರೂ ‘ಕರವಸ್ತ್ರ’ ಎಂದರೆ ಒಂದೋ ಅವರು ಕನ್ನಡ ಪರೀಕ್ಷೆ ಬರೆಯುತ್ತಿದ್ದಾರೆ, ಇಲ್ಲವೇ ಹೊರಗಿನಿಂದ ವರ್ಗವಾಗಿ ಬಂದಿದ್ದಾರೆ ಎಂದು ತಿಳಿಯಬೇಕು. ನನ್ನ ಹೆಂಡತಿ ಕಪಾಟು ಹಸನು ಮಾಡಲು ಹಳೆಯ ಬಟ್ಟೆಗಳನ್ನೆಲ್ಲ ಹೊರಗೆಳೆದು, ಅದರಲ್ಲಿ ಸಿಕ್ಕ ಒಂದು ಚೌಕಳಿ ದಸ್ತಿಯಿಂದ ಗ್ಯಾಸಿನ ಒಲೆ ಒರೆಸುತ್ತಿದ್ದಳು. ಚಹಾ ಕೇಳಲು ಹೋದ ನಾನು ಅದನ್ನು ಕಂಡವನೇ ಅವಳ ಕೈಯಿಂದ ಕಿತ್ತುಕೊಂಡೆ.

“ಏನಾತ್ರಿ ನಿಮಗ? ಇಂಥವು ಇನ್ನ ಹತ್ತು ಅದಾವ ಕಪಾಟಿನ್ಯಾಗ,” ಎಂದಳು.

“ಇಂಥಾದ್ದು ಒಂದ ಇರೂದು,” ಎಂದೆ. ದನಿ ಬೇಕಾದ್ದಕ್ಕಿಂತ ಏರಿತ್ತು.

ಅವಳು ದಸ್ತಿಯ ಮೂಲೆಯನ್ನು ನೋಡಿದಳು. ಅಲ್ಲಿ ಕೆಂಪು ದಾರದಲ್ಲಿ ಹಾಕಿದ ಸಣ್ಣದೊಂದು ಹೊಲಿಗೆ ಇತ್ತು. ಹಳೆ ಪೇಪರಿನ ತುಂಡು ತೆಗೆದುಕೊಂಡು ಒಲೆ ಒರೆಸತೊಡಗಿದಳು. ನಾನು ಚಹಾ ಕೇಳುವುದನ್ನು ಮರೆತು ಹೊರಗೆ ಬಂದು ಕುಳಿತೆ. ರಾಮತೀರ್ಥ ನಗರದ ನಮ್ಮ ಬಾಡಿಗೆ ಮನೆಯ ವರಾಂಡಾದಿಂದ ಎದುರು ಮನೆಯ ನೀರಿನ ಟಾಕಿ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಅದನ್ನೇ ನೋಡುತ್ತ ಅರ್ಧ ತಾಸು ಕೂತೆ.

ದಸ್ತಿಯಿಂದ ಮೂಗು ಒರೆಸಿಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ. ಅದನ್ನು ಸರಿಯಾಗಿ ಬಳಸಲು ಬರುತ್ತಿದ್ದದ್ದು ನಮಗೆ ಮಾತ್ರ. ನಾವೆಂದರೆ ದಿನಾ ಬೆಳಗಿನ ಪ್ಯಾಸೆಂಜರಿಗೆ ಖಾನಾಪುರದಿಂದ ಬೆಳಗಾವಿಗೆ ಹೋಗಿ ಸಂಜೆಯ ಪ್ಯಾಸೆಂಜರಿಗೆ ಮರಳುತ್ತಿದ್ದ ಮಂದಿ. ಗಾಡಿ ಪೂರಾ ನಿಲ್ಲುವ ಮೊದಲೇ ಕಿಟಕಿಯ ಸರಳಿನೊಳಗೆ ಕೈ ತೂರಿಸಿ ಕೂರುವ ಹಲಗೆಯ ಮೇಲೆ ದಸ್ತಿ ಒಗೆಯಬೇಕು, ಅಂದರೆ ಎಸೆಯಬೇಕು. ಬಿತ್ತೆಂದರೆ ಆ ಜಾಗ ನಿಮ್ಮದು. ಮುಂದಿನ ಸ್ಟೇಷನ್ನಿನಲ್ಲಿ ಹತ್ತುವ ಗೆಳೆಯನ ಹೆಸರಿನಲ್ಲೂ ಒಂದು ಒಗೆಯಬಹುದು. ಆಮೇಲೆ ಬಂದವರು ದಸ್ತಿ ಕಂಡು “ಯಾರರೆ ಅದಾರೇನ್ರಿ?” ಎಂದು ಕೇಳಬೇಕು. ಪಕ್ಕದಲ್ಲಿದ್ದವರು “ಅದಾರ್ರಿ” ಎನ್ನಬೇಕು. ಕಾಣುವುದು ಖಾಲಿ ಹಲಗೆ, ಅದರ ಮೇಲೊಂದು ಮುದುಡಿದ ಬಟ್ಟೆ. ಆದರೂ ಅದಾರ್ರಿ! ‘ಬರ್ತಾರ’ ಎಂದಲ್ಲ, ‘ಬರೋರಿದ್ದಾರ’ ಎಂದೂ ಅಲ್ಲ. ಹೀಗೆ ಹೇಳಿದ ಮೇಲೆ ಯಾರೂ ತಕರಾರು ಮಾಡುತ್ತಿರಲಿಲ್ಲ. ಬಸುರಿ ಹೆಂಗಸು ನಿಂತಿದ್ದರೆ ನಾವು ನಮ್ಮ ಜಾಗ ಬಿಟ್ಟು ಏಳುತ್ತಿದ್ದೆವೇ ಹೊರತು ದಸ್ತಿಯನ್ನು ಏಳಿಸುತ್ತಿರಲಿಲ್ಲ.

ಒಮ್ಮೆ ಹೊರಗಿನ ಒಬ್ಬ ಅಧಿಕಾರಿ, ಹೊಟ್ಟೆ ಅವರಿಗಿಂತ ಒಂದು ಹೆಜ್ಜೆ ಮುಂದೆ ನಡೆಯುವಂಥವರು, ಏನೂ ಕೇಳದೆ ದಸ್ತಿಯ ಮೇಲೆ ಕುಳಿತುಬಿಟ್ಟರು. ನಂದಗಡದಿಂದ ಮೊದಲ ಬಸ್ಸಿಗೆ ಬಂದು ನಮ್ಮ ಗಾಡಿ ಹಿಡಿಯುತ್ತಿದ್ದ, ಬೆಳಗಾವಿಯಲ್ಲಿ ಕಾಯಿಪಲ್ಲೆ ಮಾರುತ್ತಿದ್ದ ಸುಮನ್ ಮಾವಶಿ ಬುಟ್ಟಿಯ ಹಿಂದಿನಿಂದ ಎದ್ದು, “ಅಹೋ ಸಾಹೇಬ, ಮಾಣೂಸ್ ಆಹೆ ತಿಥೆ! ಮನಷ್ಯಾನ ಮ್ಯಾಲೆ ಕುಂತೀರಲ್ರಿ!” ಎಂದು ಕೂಗಿದಳು. ಅವಳ ಮಾತು ಅರ್ಧ ಮರಾಠಿ, ಅರ್ಧ ಕನ್ನಡ, ಸಿಟ್ಟು ಮಾತ್ರ ಪೂರಾ ಇರುತ್ತಿತ್ತು. ಪಾಪ, ಅಧಿಕಾರಿ ಹೌಹಾರಿ ಎದ್ದು, ಕೆಳಗೆ ಯಾವ ಮನುಷ್ಯ ಸಿಕ್ಕಿಬಿದ್ದನೋ ಎಂದು ಹಿಂದೆ ತಿರುಗಿ ನೋಡಿದರು.

ಅವರು ಕುಳಿತದ್ದು ಖಾದರಚಾಚಾನ ದಸ್ತಿಯ ಮೇಲೆ.

ಚಾಚಾ ಹತ್ತುತ್ತಿದ್ದದ್ದು ಇದಲಹೊಂಡದಲ್ಲಿ. ಖಾನಾಪುರ ಬಿಟ್ಟರೆ ಬೆಳಗಾವಿಯ ಕಡೆಗೆ ಸಿಗುವ ಮೊದಲ ಸ್ಟೇಷನ್ ಅದು. ಆಮೇಲೆ ದೇಸೂರು, ಆಮೇಲೆ ಬೆಳಗಾವಿ, ಮುಗಿಯಿತು. ನಾನು ಸಣ್ಣವನಿದ್ದಾಗ ಇದಲಹೊಂಡದಲ್ಲಿ ಒಂದು ಬೋರ್ಡು, ಒಂದು ಬೇವಿನ ಮರ, ಒಂದು ಕಲ್ಲಿನ ಬೆಂಚು ಇದ್ದವು. ಶಾಲೆ ಸುರುವಾಗುವ ಮೊದಲು ಚಪ್ಪಲಿ ಕೊಡಿಸಲು ಅಪ್ಪ ನನ್ನನ್ನು ಬೆಳಗಾವಿಗೆ ಕರೆದೊಯ್ಯುತ್ತಿದ್ದರು. ಅಪ್ಪ ಖಾನಾಪುರದ ಹಂಚಿನ ಕಾರಖಾನೆಯಲ್ಲಿ ಭಟ್ಟಿಯ ಮುಂದೆ ದುಡಿಯುತ್ತಿದ್ದವರು. ಅವರ ಉಗುರಿನ ಸಂದಿಯ ಕೆಂಪು ಮಣ್ಣು ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಗಾಡಿಯಲ್ಲಿ ಕೂತಾಗ ಆ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದರು. ಮೊದಲ ಸಲ ಹೋದಾಗ ಗಾಡಿ ಇದಲಹೊಂಡದಲ್ಲಿ ನಿಂತಿತು. ಯಾರೂ ಇಳಿಯಲಿಲ್ಲ, ಯಾರೂ ಹತ್ತಲಿಲ್ಲ. ಒಂದು ಆಡು ಬೇವಿನ ಕೆಳಗೆ ನಿಂತು ನಮ್ಮನ್ನು ನೋಡಿತು. “ಯಾರೂ ಇಲ್ಲಲ್ಲಪಾ, ಮತ್ಯಾಕ ನಿಲ್ಲತೈತಿ?” ಎಂದು ಕೇಳಿದೆ.

“ಯಾರರೆ ಬರಬಹುದಲ್ಲೋ,” ಎಂದರು ಅಪ್ಪ.

ಅಪ್ಪ ಹೆಚ್ಚು ಮಾತಾಡಿದವರಲ್ಲ. ಅವರು ನನಗೆ ಹೇಳಿದ್ದರಲ್ಲಿ ಬಹಳಷ್ಟು ಮರೆತಿದ್ದೇನೆ. ಇದೊಂದು ಯಾಕೋ ಉಳಿದಿದೆ.

ಮುಂದೆ ನಾನು ಬೆಳಗಾವಿಯ ಒಂದು ಕಚೇರಿಯಲ್ಲಿ ಗುಮಾಸ್ತನಾದೆ. ಕಡತ ಹುಡುಕುವುದರಲ್ಲಿ ನಾನು ಅಷ್ಟಕ್ಕಷ್ಟೇ. ಆದರೆ ಅರ್ಜಿ ಬರೆಯುವುದರಲ್ಲಿ ನನ್ನನ್ನು ಮೀರಿಸಿದವರು ಇರಲಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಏಕೆಂದರೆ ಹೇಳಬೇಕಾದವರು ಈಗ ಇಲ್ಲ. ‘ಮಾನ್ಯರಲ್ಲಿ ವಿನಮ್ರ ವಿನಂತಿ’ ಎಂದು ಸುರುಮಾಡಿ ‘ತಮ್ಮ ಕೃಪಾದೃಷ್ಟಿಗೆ ಚಿರಋಣಿ’ ಎಂದು ಮುಗಿಸುವಷ್ಟರಲ್ಲಿ ಕೇಳಿದ್ದು ಏನು ಎಂಬುದೇ ಓದುವವರಿಗೆ ಮರೆತುಹೋಗುತ್ತಿತ್ತು. ರೇಶನ್ ಕಾರ್ಡು, ವಿಧವಾ ಪಿಂಚಣಿ, ಕರೆಂಟಿನ ಕಂಬ ಎಂದು ಬೋಗಿಯ ಅರ್ಧ ಜನರ ಅರ್ಜಿಗಳನ್ನು ನಾನು ಗಾಡಿಯಲ್ಲೇ ತೊಡೆಯ ಮೇಲಿಟ್ಟು ಬರೆದಿದ್ದೇನೆ. ಗಾಡಿಯ ಕುಲುಕಾಟಕ್ಕೆ ಅಕ್ಷರ ಸೊಟ್ಟಗಾಗುತ್ತಿದ್ದವು. ಅದರಿಂದ ಬಡತನ ಇನ್ನಷ್ಟು ಖರೆ ಅನ್ನಿಸುತ್ತದೆಂದು ನಾನು ಅಂದುಕೊಳ್ಳುತ್ತಿದ್ದೆ. ಚಾಚಾ ನನ್ನನ್ನು ‘ಅರ್ಜಿ ಸಾಹೇಬ್ರು’ ಎಂದು ಕರೆಯತೊಡಗಿದರು. ಆಮೇಲೆ ಇಡೀ ಬೋಗಿಗೆ ನಾನು ಅರ್ಜಿ ಸಾಹೇಬನೇ.

ಚಾಚಾ ಟೇಲರ್. ಬೆಳಗಾವಿಯ ಪೇಟೆಯಲ್ಲಿ ಒಂದು ಬಟ್ಟೆ ಅಂಗಡಿಯ ಕಟ್ಟೆಯ ಮೇಲೆ ಅವರ ಮಷಿನ್ ಇತ್ತು. ಅಂಗಿ ಹೊಲಿದು ಉಳಿದ ತುಂಡುಗಳನ್ನು ಬಿಸಾಡದೆ ಚೌಕ ಕತ್ತರಿಸಿ, ಅಂಚು ಮಡಚಿ ಹೊಲಿದು, ನಮ್ಮ ಗುಂಪಿನವರಿಗೆಲ್ಲ ಒಂದೊಂದು ದಸ್ತಿ ಮಾಡಿಕೊಟ್ಟಿದ್ದರು. ಯಾರದೋ ಮದುವೆಯ ಅಂಗಿ, ಯಾರದೋ ಶಾಲೆಯ ಯೂನಿಫಾರ್ಮು ನಮ್ಮ ಜೇಬು ಸೇರಿದ್ದವು. ಎಲ್ಲದರ ಮೂಲೆಗೂ ಕೆಂಪು ದಾರದ ಒಂದು ಗುರುತು. “ನಮ್ಮ ಮಂದೀದು ಯಾವುದು, ಬ್ಯಾರೇದವರದು ಯಾವುದು ತಿಳೀಬೇಕಲ್ರಿ,” ಎನ್ನುತ್ತಿದ್ದರು.

ನಮ್ಮ ಗಾಡಿಗೆ ‘ಎಕ್ಸ್‌ಪ್ರೆಸ್’ ಎಂದು ಹೆಸರಿಟ್ಟವರೂ ಅವರೇ. ಅದರ ನಡಿಗೆ ನೋಡಿದವರಿಗೆ ಈ ಹೆಸರಿನ ಮರ್ಮ ತಿಳಿಯುತ್ತದೆ. ಆಗ ಇದ್ದದ್ದು ಒಂದೇ ಹಳಿ. ಎದುರಿನಿಂದ ಯಾವ ಗಾಡಿ ಬರಲಿ, ಕಲ್ಲಿದ್ದಲಿನ ಗೂಡ್ಸೇ ಬರಲಿ, ನಮ್ಮದು ದೇಸೂರಿನಲ್ಲಿ ಬದಿಗೆ ಸರಿದು ದಾರಿ ಬಿಡಬೇಕು. ಅಷ್ಟು ಹೊತ್ತಿಗೆ ನಾವು ಕೆಳಗಿಳಿದು ಚಹಾ ಕುಡಿದು, ಜಗಳಾಡಿ, ರಾಜಿಯಾಗಿ ಮತ್ತೆ ಹತ್ತುತ್ತಿದ್ದೆವು. “ಎಕ್ಸ್‌ಪ್ರೆಸ್ ಬಂತ್ರಿ, ಹುಷಾರ್!” ಎಂದು ಚಾಚಾ ಇದಲಹೊಂಡದಲ್ಲಿ ಹತ್ತುವಾಗ ಪ್ರತಿದಿನ ಅನ್ನುತ್ತಿದ್ದರು. ಪ್ರತಿದಿನವೂ ನಾವು ನಗುತ್ತಿದ್ದೆವು. ಕೊನೆಕೊನೆಗೆ ‘ಪ್ಯಾಸೆಂಜರ್’ ಎಂಬ ಮಾತೇ ನಮ್ಮ ಬಾಯಿಂದ ಹೋಗಿತ್ತು. “ಎಕ್ಸ್‌ಪ್ರೆಸ್ ತಪ್ಪೀತು, ಲಗೂ ನಾಷ್ಟಾ ಕೊಡು” ಎಂದು ನಾನು ಮನೆಯಲ್ಲೂ ಕೂಗುತ್ತಿದ್ದೆ.

ಆಮೇಲೆ ಚಾಚಾನ ಮೂತ್ರಪಿಂಡ ಎರಡೂ ಕೆಟ್ಟವು. ಪೇಟೆಯ ಕಟ್ಟೆಯಿಂದ ಮಷಿನ್ ಮನೆಗೆ ಬಂತು. ವಾರಕ್ಕೆ ಮೂರು ಸಲ ಬೆಳಗಾವಿಯ ದವಾಖಾನೆಗೆ ಹೋಗಿ ರಕ್ತ ಶುದ್ಧ ಮಾಡಿಸಿಕೊಂಡು ಬರಬೇಕಾಯಿತು. ಡಯಾಲಿಸಿಸ್ ಎನ್ನುವ ಮಾತನ್ನು ಅವರು ಒಮ್ಮೆಯೂ ಆಡಲಿಲ್ಲ. ನಮ್ಮಲ್ಲಿ ಅರಿವೆ ತೊಳೆಯುವುದಕ್ಕೆ ಒಗ್ಯಾಣ ಎನ್ನುತ್ತೇವೆ. “ಇವತ್ತ ಒಗ್ಯಾಣ ಐತ್ರಿ,” ಎನ್ನುತ್ತ ಹತ್ತುತ್ತಿದ್ದರು. ಸೂಜಿ ಚುಚ್ಚಲು ಅನುಕೂಲವಾಗಲೆಂದು ಎಡಗೈಯಲ್ಲಿ ಆಪರೇಷನ್ ಮಾಡಿ ನರ ಜೋಡಿಸಿದ್ದರು. ಅದು ಉಬ್ಬಿ ಒಳಗೆ ಸದಾ ಝುಂ ಎನ್ನುತ್ತಿತ್ತು. ಒಂದು ದಿನ ನನ್ನ ಬೆರಳು ಹಿಡಿದು ಅದರ ಮೇಲೆ ಇಟ್ಟರು. ನಾನು ಗಾಬರಿಯಾಗಿ ಕೈ ತೆಗೆದೆ.

“ಅಂಜಬ್ಯಾಡ್ರಿ. ಒಳಗ ಇಂಜಿನ್ ಐತಿ. ಇದು ಝುಂ ಅನ್ನೂತನಕಾ ನಮ್ಮ ಗಾಡಿ ಚಾಲೂ ಐತಿ ಅಂತ ತಿಳೀರಿ,” ಎಂದರು.

ಹೋಗುವಾಗ ಹಗುರಾಗಿರುತ್ತಿದ್ದ ಮನುಷ್ಯ ಬರುವಾಗ ಹಿಂಡಿದ ಬಟ್ಟೆಯಂತೆ ಆಗಿರುತ್ತಿದ್ದರು. ಕಾಲು ಸೆಳೆಯುತ್ತಿತ್ತು, ತಲೆ ನಿಲ್ಲುತ್ತಿರಲಿಲ್ಲ. ಆಗ ನಾವು ಒಂದು ಹೊಸ ರಿವಾಜು ಮಾಡಿದೆವು. ಸಂಜೆಯ ಗಾಡಿಗೆ ಅವರ ಹೆಸರಿನಲ್ಲಿ ಒಂದಲ್ಲ, ಮೂರು ದಸ್ತಿ. ಮೂರು ದಸ್ತಿ ಬಿದ್ದರೆ ಒಂದು ಪೂರಾ ಹಲಗೆ. ಚಾಚಾ ಅದರ ಮೇಲೆ ಕಾಲು ಚಾಚಿ ಮಲಗಿ ಇದಲಹೊಂಡದ ತನಕ ಬರುತ್ತಿದ್ದರು. ದೀಪಾವಳಿಯ ಗದ್ದಲದಲ್ಲೂ, ಜನ ಬಾಗಿಲಿಗೆ ಜೋತುಬಿದ್ದಿದ್ದಾಗಲೂ, ಆ ಹಲಗೆ ಅವರಿಗಿರುತ್ತಿತ್ತು. ಯಾರಾದರೂ ಗೊಣಗಿದರೆ ಸುಮನ್ ಮಾವಶಿ ಇದ್ದೇ ಇದ್ದಳಲ್ಲ.

ಅವರಿಗೆ ನೀರು ಕುಡಿಯುವುದಕ್ಕೂ ಲೆಕ್ಕವಿತ್ತು. ಬೇಸಿಗೆಯಲ್ಲಿ ತುಟಿ ಒಣಗಿ ಬಿರಿಯುತ್ತಿತ್ತು. ದಸ್ತಿಯ ಮೂಲೆಯನ್ನು ಒದ್ದೆ ಮಾಡಿ ತುಟಿಗೆ ಒತ್ತಿಕೊಳ್ಳುತ್ತಿದ್ದರು. ಚಹಾ ಬಂದರೆ ನೀರಿನ ಬಾಟಲಿಯ ಮುಚ್ಚಳದಲ್ಲಿ ಒಂದೇ ಒಂದು ಮುಚ್ಚಳ ಕುಡಿದು, “ಬಸ್, ಭರ್ತಿ ಆತು,” ಎನ್ನುತ್ತಿದ್ದರು. ಅವರ ಎದುರು ನಾವು ಯಾರೂ ಗಟಗಟ ನೀರು ಕುಡಿಯುತ್ತಿರಲಿಲ್ಲ. ಹೀಗೆ ಮಾಡಿರೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಇದಲಹೊಂಡ ಬರುವ ಹೊತ್ತಿಗೆ ಅವರ ಮಗಳು ಶಬಾನಾ ಸೈಕಲ್ ಹಿಡಿದು ಬೇವಿನ ಕೆಳಗೆ ನಿಂತಿರುತ್ತಿದ್ದಳು. ನಾವು ಇಬ್ಬರು ಅವರನ್ನು ಇಳಿಸಿ ಕ್ಯಾರಿಯರ್ ಮೇಲೆ ಕೂರಿಸುವ ತನಕ ಗಾರ್ಡ್ ಹಸಿರು ಬಾವುಟ ತೋರಿಸುತ್ತಿರಲಿಲ್ಲ.

ಲಾಕ್‌ಡೌನ್ ಬಂತು. ಗಾಡಿ ನಿಂತಿತು.

ಅದನ್ನು ಬಣ್ಣಿಸುತ್ತ ಕೂರುವುದಿಲ್ಲ, ನೀವೂ ನೋಡಿದ್ದೀರಿ. ಖಾನಾಪುರದಲ್ಲಿ ನಮ್ಮ ಮನೆಯ ಗಡಿಯಾರ ಅಡ್ಡಬಿದ್ದಂತೆ ಆಯಿತು. ಅವ್ವ ಇದ್ದಾಗಿನಿಂದಲೂ ನಮ್ಮಲ್ಲಿ ಒಲೆ ಹೊತ್ತುತ್ತಿದ್ದದ್ದು ಗಾಡಿಯ ಸಿಳ್ಳೆಗೆ. ಈಗ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಹಳಿಗೆ ತುಕ್ಕು ಹಿಡಿಯಿತು, ನಡುವೆ ಹುಲ್ಲು ಬೆಳೆಯಿತು. ಕಚೇರಿ ಸುರುವಾದ ಮೇಲೆ ನಾಲ್ಕು ದಿನ ಮೋಟರ್‌ಸೈಕಲ್ ಮೇಲೆ ಹೋಗಿ ಬಂದೆ. ಬೆನ್ನು ನೋಯಿತು. ರಾಮತೀರ್ಥ ನಗರದಲ್ಲಿ ಬಾಡಿಗೆ ಮನೆ ಹಿಡಿದೆ. ಗಾಡಿ ಇಲ್ಲವಾದಾಗ ನಾನು ಊರನ್ನೇ ಬದಲಿಸಿದೆ, ಅಷ್ಟು ಸಲೀಸು. ಚಾಚಾನಿಗೆ ಅದು ಆಗುವಂತಿರಲಿಲ್ಲ. ಸುರುವಿಗೆ ಯಾರದೋ ಹಾಲಿನ ಟೆಂಪೊ, ಆಮೇಲೆ ಬಸ್ಸು. ಬಸ್ಸಿಗೆ ಕ್ರಾಸಿನ ತನಕ ನಡೆಯಬೇಕು. ಬಸ್ಸಿನಲ್ಲಿ ಅವರ ಹೆಸರಿನ ದಸ್ತಿ ಒಗೆಯುವವರು ಯಾರೂ ಇಲ್ಲ. ಬರುವಾಗ ಜಾಗ ಸಿಗದಿದ್ದರೆ ಮೇಲಿನ ಸರಳು ಹಿಡಿದು ನಿಂತೇ ಬರಬೇಕು.

ಬೇರೆ ಕಡೆ ಗಾಡಿಗಳು ಒಂದೊಂದಾಗಿ ಸುರುವಾದವು. ನಮ್ಮದು ಆಗಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು. ಅರ್ಜಿ ಸಾಹೇಬ ಇರುವುದು ಮತ್ತೆ ಯಾತಕ್ಕೆ? ನಾನೂ ಉಬ್ಬಿದೆ. ಎರಡು ಭಾನುವಾರ ಕೂತು ಬರೆದೆ. ‘ಖಾನಾಪುರ ತಾಲೂಕಿನ ಬಡಜನತೆಯ ಜೀವನಾಡಿಯಾದ ನಮ್ಮ ಬೆಳಗಿನ ಎಕ್ಸ್‌ಪ್ರೆಸ್ಸನ್ನು ಕೂಡಲೇ ಪುನರಾರಂಭಿಸಬೇಕಾಗಿ ವಿನಂತಿ.’ ಓದಿ ನೋಡಿಕೊಂಡು ನನಗೆ ನಾನೇ ಮೆಚ್ಚಿಕೊಂಡೆ. ಸಹಿ ಹಾಕಿಸಲು ಮೋಟರ್‌ಸೈಕಲ್ ಮೇಲೆ ಊರೂರು ತಿರುಗಿದೆ. ಇದಲಹೊಂಡಕ್ಕೆ ಹೋದಾಗ ಚಾಚಾ ಮಷಿನ್ ಮುಂದೆ ಕೂತಿದ್ದರು. ಮೈ ಇಳಿದಿತ್ತು. ಶಬಾನಾ ಚಹಾ ಕೊಟ್ಟು ಒಳಗೆ ಹೋದಳು. ಚಾಚಾ ಕನ್ನಡಕ ಏರಿಸಿ ನಿಧಾನವಾಗಿ ಓದಿದರು, ಬೆರಳು ಒಂದು ಕಡೆ ನಿಂತಿತು.

“ಎಕ್ಸ್‌ಪ್ರೆಸ್ ಅಂತ ಬರದೀರಲ್ರಿ ಸಾಹೇಬ್ರ?”

ನನಗೂ ಆಗಲೇ ಅದು ಕಣ್ಣಿಗೆ ಬಿದ್ದದ್ದು. ನಾಲಿಗೆಯ ರೂಢಿ ಪೆನ್ನಿಗೆ ಇಳಿದಿತ್ತು. ಆದರೆ ಸಹಿಗಳೆಲ್ಲ ಆಗಿದ್ದವು, ಮತ್ತೆ ಯಾರು ತಿರುಗುತ್ತಾರೆ? ಅದಕ್ಕಿಂತ ಹೆಚ್ಚಾಗಿ, ಅರ್ಜಿಯಲ್ಲಿ ನಾನು ತಪ್ಪು ಮಾಡಿದೆ ಎಂದು ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ.

“ಬೇಕಂತನ ಬರದೇನಿ ಚಾಚಾ. ಪ್ಯಾಸೆಂಜರ್ ಅಂದ್ರ ಯಾರೂ ಕಿಮ್ಮತ್ತು ಕೊಡಂಗಿಲ್ಲ,” ಎಂದೆ.

“ಹಂಗೇನು? ನಿಮಗ ತಿಳೀತೈತಿ ಬಿಡ್ರಿ,” ಎಂದು ಸಹಿ ಹಾಕಿದರು.

ಕೆಲವು ತಿಂಗಳ ಮೇಲೆ ಗಾಡಿ ಬಂತು. ಎಕ್ಸ್‌ಪ್ರೆಸ್ಸಾಗಿಯೇ ಬಂತು. ಅದೇ ಹಳೆಯ ಬೋಗಿಗಳು, ಅದೇ ಮುರಿದ ಕಿಟಕಿ. ಆದರೆ ಟಿಕೆಟ್ಟು ಎಕ್ಸ್‌ಪ್ರೆಸ್ಸಿನದು, ತಿಂಗಳ ಪಾಸು ನಡೆಯುವುದಿಲ್ಲ, ಇದಲಹೊಂಡದಲ್ಲೂ ದೇಸೂರಿನಲ್ಲೂ ನಿಲ್ಲುವುದಿಲ್ಲ. ನೀವು ತಿಳಿದವರು, ನಗುತ್ತೀರಿ. ದೇಶದ ಎಷ್ಟೋ ಕಡೆ ಪ್ಯಾಸೆಂಜರುಗಳು ಹೀಗೆಯೇ ಎಕ್ಸ್‌ಪ್ರೆಸ್ಸಾಗಿ ಬಂದವು, ನಿನ್ನ ಅರ್ಜಿಯನ್ನು ಯಾವ ಪುಣ್ಯಾತ್ಮ ಓದಿದ್ದ ಎನ್ನುತ್ತೀರಿ. ನಾನೂ ಇದನ್ನೇ ನನಗೆ ಸಾವಿರ ಸಲ ಹೇಳಿಕೊಂಡಿದ್ದೇನೆ. ನಾನು ಬರೆದದ್ದನ್ನು ಮೇಲಿನವರು ಓದಲಿ ಎಂದು ಜೀವಮಾನವಿಡೀ ಬಯಸಿದವನು, ಇದೊಂದು ಮಾತ್ರ ಸೀದಾ ಕಸದ ಬುಟ್ಟಿಗೆ ಹೋಗಿರಲಿ ಎಂದು ಬೇಡಿಕೊಂಡೆ.

ಚಾಚಾ ಫೋನು ಮಾಡಿದರು. ದನಿಯಲ್ಲಿ ನಗು ಇತ್ತು. “ಅರ್ಜಿ ಸಾಹೇಬ್ರ, ಬೇಡಿದ್ದ ಕೊಟ್ಟಾರ ನೋಡ್ರಿ. ಎಕ್ಸ್‌ಪ್ರೆಸ್ ಅಂದ್ರಿ, ಎಕ್ಸ್‌ಪ್ರೆಸ್ ಬಂತು. ನಮ್ಮ ಮನಿ ಮುಂದ ಧಡಧಡ ಹೋಗತೈತಿ, ನೋಡಾಕ ಭಾಳ ಛಂದ ಐತಿ.” ಆಮೇಲೆ, “ಇನ್ನೊಂದು ಬರೀರಲಾ. ಎಕ್ಸ್‌ಪ್ರೆಸ್ ಬ್ಯಾಡ, ಪ್ಯಾಸೆಂಜರ್ ಸಾಕು, ಇದಲಹೊಂಡಕ್ಕ ಒಂದು ಮಿನಿಟ್ ನಿಂದರ್ಲಿ ಅಂತ,” ಎಂದರು.

“ಬರೀತೀನಿ ಚಾಚಾ,” ಎಂದೆ.

ಬರೆಯಲಿಲ್ಲ. ಸೋಮಾರಿತನ ಎಂದರೆ ನನಗೆ ಹಿತವಾದೀತು. ಆದರೆ ಅದಲ್ಲ. ‘ಈ ಹಿಂದಿನ ಅರ್ಜಿಯಲ್ಲಿ ತಪ್ಪಾಗಿ’ ಎಂದು ಸುರುಮಾಡಬೇಕಿತ್ತು. ಆ ನಾಲ್ಕು ಶಬ್ದ ನನ್ನ ಪೆನ್ನಿನಿಂದ ಇಳಿಯಲಿಲ್ಲ. ಎರಡನೇ ಸಲ ಕೇಳಿದಾಗ ಕಚೇರಿಯಲ್ಲಿ ಕೆಲಸ ಇದೆ ಎಂದೆ. ಮೂರನೇ ಸಲ ಫೋನು ಬಂದಾಗ ನಾನು ಊಟಕ್ಕೆ ಕೂತಿದ್ದೆ, ಬಾಯಲ್ಲಿ ತುತ್ತಿತ್ತು.

“ಕಳಿಸೇನಿ ಚಾಚಾ. ಹೋದ ವಾರನ ಕಳಿಸೇನಿ,” ಎಂದೆ.

“ಖರೇ?” ಎಂದರು. ಆ ಒಂದು ಮಾತಿನಲ್ಲಿ ಅಷ್ಟು ಖುಷಿ ಇತ್ತು. “ಹಂಗಾರ ಕಾಯ್ತೀನ್ರಿ. ನೀವು ಬರದ ಮ್ಯಾಲೆ ಆತು.”

ಆಮೇಲೆ ಅವರ ಫೋನು ಬಂದಾಗ ಹೆಸರು ನೋಡಿ ಮೊಬೈಲ್ ಮಗುಚಿಟ್ಟೆ. ಎರಡು ಸಲ ಎತ್ತಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಒಮ್ಮೆ ಎತ್ತಿದೆ. ಈ ಸಲ ದನಿ ಬಹಳ ಸಣ್ಣದಾಗಿತ್ತು.

“ಸಾಹೇಬ್ರ, ಕೈಯಾಗಿನ ಗಾಡಿನೂ ನಿಂತತ್ರಿ. ಝುಂ ಅನ್ನವಲ್ದು.”

ನರದಲ್ಲಿ ರಕ್ತ ಹೆಪ್ಪುಗಟ್ಟಿತ್ತಂತೆ. ಕುತ್ತಿಗೆಗೆ ನಳಿಗೆ ಹಾಕಿದರು. ಅದಕ್ಕೆ ಸೋಂಕು ತಗುಲಿ ಜ್ವರ ಬಂತು. ಹದಿನೈದು ದಿನದಲ್ಲಿ ಸುಮನ್ ಮಾವಶಿ ಫೋನು ಮಾಡಿ ಅತ್ತಳು. ಅವಳು ಚಾಚಾನ ಮಣ್ಣಿಗೆ ಹೋಗಿ ಬಂದಿದ್ದಳು. ನಾನು ಹೋಗಲಿಲ್ಲ. ರಜೆ ಸಿಗಲಿಲ್ಲ ಎಂದು ಹೆಂಡತಿಗೆ ಹೇಳಿದೆ. ರಜೆ ಕೇಳಿಯೇ ಇರಲಿಲ್ಲ.

ಈಗ ನೋಡಿ, ಎಲ್ಲ ಸರಿಹೋಗಿದೆ. ಜೋಡಿ ಹಳಿ ಬಂದಿದೆ, ಮೇಲೆ ಕರೆಂಟಿನ ತಂತಿ ಬಂದಿದೆ. ಎಕ್ಸ್‌ಪ್ರೆಸ್ ಮತ್ತೆ ಪ್ಯಾಸೆಂಜರ್ ಆಗಿದೆ. ಪಾಸು ನಡೆಯುತ್ತದೆ, ಇದಲಹೊಂಡದಲ್ಲಿ ನಿಲ್ಲುತ್ತದೆ. ಮೊದಲ ದಿನ ಇಂಜಿನ್ನಿಗೆ ಹಾರ ಹಾಕಿ ಪೇಢೆ ಹಂಚಿದರಂತೆ. ಇದು ತಮ್ಮಿಂದಲೇ ಆಯಿತು ಎಂದು ಹೇಳಿಕೊಳ್ಳುವವರು ಖಾನಾಪುರದಲ್ಲಿ ಓಣಿಗೊಬ್ಬರು ಇದ್ದಾರೆ. ನಾನು ಮಾತ್ರ ಆ ಗಾಡಿ ಹತ್ತಿರಲಿಲ್ಲ. ಊರಿಗೆ ಹೋಗಬೇಕಾದರೆ ಬಸ್ಸಿಗೆ ಹೋಗುತ್ತಿದ್ದೆ.

ದಸ್ತಿಯ ಜಗಳವಾದ ಮೂರು ದಿನಕ್ಕೆ ಖಾನಾಪುರಕ್ಕೆ ಹೋಗಬೇಕಾಯಿತು. ಮಳೆಗೆ ಮೊದಲು ಮನೆಯ ಹಂಚು ಕೈಯಾಡಿಸುವುದಿತ್ತು. ಕೆಲಸ ಮುಗಿಸಿ ಮರುದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಕಡೆ ಹೊರಟವನು ಯಾಕೋ ಸ್ಟೇಷನ್ನಿನ ಕಡೆ ತಿರುಗಿದೆ. ಜೇಬಿನಲ್ಲಿ ದಸ್ತಿ ಇತ್ತು. ಹೆಂಡತಿ ಅದನ್ನು ಒಗೆದು ಇಸ್ತ್ರಿ ಮಾಡಿ ಇಟ್ಟಿದ್ದಳು. ಗಾಡಿ ಬಂತು. ಬೋಗಿಗಳು ಹೊಸವು, ಕಿಟಕಿ ಗಟ್ಟಿ. ಒಳಗೆ ಎಲ್ಲರೂ ಮೊಬೈಲ್ ನೋಡುತ್ತ ಕೂತಿದ್ದರು. ನನಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬಾಜೂಕೆ ಒಂದು ಜಾಗ ಖಾಲಿ ಇತ್ತು. ನಾನು ದಸ್ತಿ ತೆಗೆದು ಅದರ ಮೇಲೆ ಹಾಕಿದೆ. ಹಾಕಿದ ಮೇಲೆ ನನಗೇ ನಾಚಿಕೆಯಾಯಿತು, ಆದರೆ ತೆಗೆಯಲಿಲ್ಲ.

ಬ್ಯಾಂಕಿನದೋ ಕಂಪನಿಯದೋ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡ ಒಬ್ಬರು ಬಂದು ನಿಂತರು. “ಯಾರರೆ ಅದಾರೇನ್ರಿ?” ಎಂದರು. ಆ ಮಾತು ಇನ್ನೂ ಉಳಿದಿದೆಯಲ್ಲ ಎಂದು ನನಗೆ ಒಂದು ಕ್ಷಣ ಸಂತೋಷವಾಯಿತು.

“ಅದಾರ್ರಿ,” ಎಂದೆ. ಅವರು ಸರಳು ಹಿಡಿದು ನಿಂತುಕೊಂಡರು.

ಇದಲಹೊಂಡ ಬಂತು. ಗಾಡಿ ನಿಂತಿತು. ಬೇವಿನ ಮರ ಇರಲಿಲ್ಲ, ಅದರ ಜಾಗದಲ್ಲಿ ತಗಡಿನ ಸೂರು ಇತ್ತು. ಐದಾರು ಜನ ಹತ್ತಿದರು. ಟಿಫಿನ್ ಚೀಲ ಹಿಡಿದ ಒಬ್ಬ ಹೆಣ್ಣುಮಗಳು ದಾಟಿ ಹೋಗುತ್ತಿದ್ದವಳು ದಸ್ತಿ ಕಂಡು ನಿಂತಳು. ಬಾಗಿ ಅದರ ಮೂಲೆ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

“ಅರ್ಜಿ ಸಾಹೇಬ್ರು ಹೌದಲ್ರಿ? ನಾ ಶಬಾನಾ. ಖಾದರಸಾಬ್ರ ಮಗಳು.”

ನಾನು ಎದ್ದು ನಿಂತೆ. “ಕುಂದರವಾ,” ಎಂದೆ.

“ಬ್ಯಾಡ್ರಿ, ನಮ್ಮ ಗೆಳತ್ಯಾರು ಅಲ್ಲೆ ನಂಗ ಜಾಗಾ ಹಿಡದಾರ. ರೆಡಿಮೇಡ್ ಅಂಗಡಿಗೆ ಹೊಲ್ಯಾಕ ಹೋಗ್ತೀವ್ರಿ ಎಲ್ಲಾರೂ.” ಅವಳು ದಸ್ತಿಯನ್ನು ಎತ್ತಿ ಅಂಗೈ ಮೇಲೆ ಹರಡಿ, ಅಂಚಿನ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದಳು. “ಅಬ್ಬಾಂದ ಕೈ. ನಿಮ್ಮನ್ನ ಭಾಳ ನೆನಸ್ತಿದ್ರು ನೋಡ್ರಿ. ‘ಮೊದಲನೇ ಅರ್ಜಿ ರೇಲ್ವೆದವರು ಬರೋಬರಿ ಓದಲಿಲ್ಲ, ಸಾಹೇಬ್ರು ಎರಡನೇದು ಕಳಿಸ್ಯಾರ, ಈ ಸಲ ನಿಂದರತೈತಿ’ ಅಂತಿದ್ರು. ಗಾಡಿ ಬರೂ ಹೊತ್ತಿಗೆ ಮಷಿನ್ ಬಂದ್ ಮಾಡಿ ಬಾಗಲಾಗ ಕುಂದರ್ತಿದ್ರು.”

ಮೊದಲನೇ ಅರ್ಜಿಯಲ್ಲಿ ಏನಿತ್ತೆಂದು ಚಾಚಾ ಮನೆಯಲ್ಲಿ ಹೇಳಿಯೇ ಇರಲಿಲ್ಲ.

“ಕಡೀ ಕಡೀಕ ಬಸ್ಸಿಗೆ ಹೋಗಾಕ ಒಲ್ಲೆ ಅಂತಿದ್ರು,” ಎಂದಳು. “ನಿಂತು ಬರಾಕ ಆಗ್ತಿದ್ದಿಲ್ಲಲ್ರಿ. ‘ಇವತ್ತ ಗಾಡಿ ನಿಂತರೂ ನಿಂತೀತು’ ಅಂತ ಸ್ಟೇಷನ್‌ಗೆ ಹೋಗಿ ಕುಂತಬಿಡವ್ರು. ಗಾಡಿ ಮುಂದ ಹೋಗೂದು, ಬಸ್ಸೂ ತಪ್ಪೂದು. ಹಂಗ ನಾಕೈದು ಒಗ್ಯಾಣ ತಪ್ಪಿದ್ವು. ಭಾಳ ಹಟಾ ಇತ್ತು ಅವರ್ದು.” ಅವಳು ದುಪಟ್ಟಾದಿಂದ ಕಣ್ಣು ಒತ್ತಿಕೊಂಡು ನಕ್ಕಳು. “ಇರ್ಲಿ. ತಡಾ ಆದ್ರೂ ನಿಂತತಿ ನೋಡ್ರಿ. ನಿಮ್ಮ ಅರ್ಜಿಯಿಂದನ ನಿಂತದ್ದು. ಎಷ್ಟ್ ಮಂದಿಗೆ ಅನುಕೂಲ ಆತು. ಅಬ್ಬಾನ ಪರವಾಗಿ ಒಂದು ಮಾತು ಹೇಳಬೇಕಂತ ಭಾಳ ದಿನದಿಂದ ಇತ್ರಿ.”

ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅವಳು ಕಾಯುತ್ತ ನಿಂತಿದ್ದಳು, ಅವರಪ್ಪನದೇ ಕಣ್ಣು.

“ಹೂಂ,” ಎಂದೆ.

ಅವಳು ದಸ್ತಿಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಯಲ್ಲಿಟ್ಟಳು. “ಜ್ವಾಕಿ ಇಟ್ಟುಕೋರಿ,” ಎಂದು ಹೇಳಿ ಗೆಳತಿಯರ ಕಡೆ ಹೋದಳು. ಗಾಡಿ ಆಗಲೇ ಹೊರಟಿತ್ತು.

ಖಾನಾಪುರದಿಂದ ನಿಂತೇ ಬಂದಿದ್ದವರು ಖಾಲಿ ಜಾಗವನ್ನೂ ನನ್ನನ್ನೂ ನೋಡಿದರು.

“ಅವರು ಬರಲಿಲ್ಲೇನ್ರಿ?” ಎಂದರು.

“ಬರಂಗಿಲ್ರಿ,” ಎಂದೆ. “ಕುಂದರ್ರಿ ನೀವು.”